ಟೇಟ್ ಯಾಕೆ ಬರಲಿಲ್ಲ?

(ಖಾನಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯ ಕರಾರು ಸ್ವಲ್ಪ ವಿಚಿತ್ರವಾದದ್ದು. ಇದನ್ನಿಟ್ಟ ಹಿರಿಯರು ಹಗಲೆಲ್ಲ ಅಂಗಡಿ ನಡೆಸಿ, ರಾತ್ರಿ ಬಾಗಿಲು ಹಾಕಿದ ಮೇಲೆ ಕಾದಂಬರಿ ಓದುತ್ತಿದ್ದವರು. ಸಾಹಿತಿ ಬಂದರೆ ಉದ್ಯೋಗದ ಬಗ್ಗೆ ಮಾತಾಡಬೇಕು, ಉದ್ಯೋಗದವನು ಬಂದರೆ ಕತೆಯ ಬಗ್ಗೆ ಮಾತಾಡಬೇಕು ಎಂದು ಬರೆದಿಟ್ಟರು. ಪೂರ್ತಿ ಗೊತ್ತಿರುವ ವಿಷಯದ ಮೇಲೆ ಮಾತಾಡುವವನು ಗಡಿಯಾರ ನೋಡುವುದಿಲ್ಲ ಎಂಬುದು ಅವರ ಅನುಭವವಾಗಿತ್ತಂತೆ. ನಾನು ಮೂವತ್ತೊಂದು ವರ್ಷ ಬೀಡು ಎರಕದ ಕಾರ್ಖಾನೆಗಳಲ್ಲಿ, ಅಂದರೆ ಫೌಂಡ್ರಿಗಳಲ್ಲಿ, ಉಸುಕು ಮತ್ತು ಬೆಂಕಿಯ ನಡುವೆ ಕೆಲಸ ಮಾಡಿದವನು. ಹಾಗಾಗಿ ಕರಾರಿನ ಪ್ರಕಾರ ಇವತ್ತು ಒಬ್ಬ ಕತೆಯ ಹುಡುಗನ ಬಗ್ಗೆ ಮಾತಾಡಬೇಕು. ಅವನು ಟಿ.ವಿ.ಯಲ್ಲಿ ಬಂದವನು. ವಯಸ್ಸು ಹತ್ತು-ಹನ್ನೊಂದು. ಹುದ್ದೆ ಕ್ಯಾಪ್ಟನ್.

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ನಾಯಕತ್ವದ ಪಾಠಕ್ಕೆ ಬೆಳಗಾವಿ ಜಿಲ್ಲೆಯವರು ಟಿ.ವಿ.ಯ ಪೋರನ ಹತ್ತಿರ ಯಾಕೆ ಹೋಗಬೇಕು? ಈ ಸಭಾಂಗಣದಿಂದ ಸ್ವಲ್ಪ ದೂರ ಹೋದರೆ ನಂದಗಡ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಅಲ್ಲಿ. ಆ ಕಡೆ ಬೆಳಗಾವಿ. ಗಾಂಧೀಜಿ ಜೀವಮಾನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, ಅದು 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ. ಕಿತ್ತೂರಿನ ಚೆನ್ನಮ್ಮನ ಹೆಸರನ್ನಂತೂ ನಮ್ಮ ಮಕ್ಕಳು ಅಕ್ಷರ ಕಲಿಯುವ ಮುಂಚೆಯೇ ಕಲಿಯುತ್ತಾರೆ. ಇವರೆಲ್ಲ ಇದ್ದಾಗ ಆ ಹುಡುಗ ಯಾಕೆ?

ಯಾಕೆಂದರೆ ಇವರೆಲ್ಲ ಈಗ ನಮಗೆ ಪ್ರತಿಮೆಗಳಾಗಿದ್ದಾರೆ. ಪ್ರತಿಮೆಗೆ ಹಾರ ಹಾಕಬಹುದು, ಅದರ ತಪ್ಪು ಹುಡುಕಲಾಗದು. ಹುಡುಕಿದರೆ ಏನಾಗುತ್ತದೆ ಎಂದು ಬೆಳಗಾವಿಯವರಿಗೆ ನಾನು ಹೇಳಬೇಕಾಗಿಲ್ಲ. ಕತೆಯ ಹುಡುಗನಿಗೆ ಅಭಿಮಾನಿ ಸಂಘವಿಲ್ಲ, ಜಯಂತಿಯಿಲ್ಲ. ಅವನು ಎಡವಿದ್ದನ್ನು ಎಡವಿದ ಎಂದೇ ಹೇಳಬಹುದು. ಮ್ಯಾನೇಜರನಿಗೆ ಬೇಕಾದದ್ದು ಎಡವಿದವರ ಲೆಕ್ಕ. ಗೆದ್ದವರ ಪುಸ್ತಕಗಳು ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ, ಸಾಂಬ್ರಾದ ವಿಮಾನ ಹತ್ತುವ ಮುಂಚೆ ನಾನೂ ಅವನ್ನು ತಿರುವಿಹಾಕಿದ್ದೇನೆ.

*

ಹುಡುಗನ ಹೆಸರು ರಾಜಂ. ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂದದ್ದು 1935ರಲ್ಲಿ. ಐವತ್ತು ವರ್ಷದ ಮೇಲೆ ಶಂಕರ್ ನಾಗ್ ಅದನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯೊಳಕ್ಕೆ ತಂದರು. 1986–87ರಲ್ಲಿ ಅದು ದೂರದರ್ಶನದಲ್ಲಿ ಬರುತ್ತಿದ್ದಾಗ ಇಲ್ಲಿ ಕೂತಿರುವ ನನ್ನ ವಯಸ್ಸಿನವರು ಯಾರದೋ ಮನೆಯ ಪಡಸಾಲೆಯಲ್ಲಿ, ಇಪ್ಪತ್ತು ಮಂದಿಯ ನಡುವೆ ಕುತ್ತಿಗೆ ಉದ್ದ ಮಾಡಿ ನೋಡಿದವರೇ. ಒಬ್ಬ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ "ಬಂತು, ಬಂತು, ಹೋತು" ಅನ್ನುವುದು.

ಆ ಧಾರಾವಾಹಿಯನ್ನು ನೆನೆದರೆ ಅದು ನಮಗಾಗಿಯೇ ಮಾಡಿದ್ದು ಅನಿಸುತ್ತದೆ. ಮೈಸೂರಿನಲ್ಲಿ ಬಾಳಿದ ಲೇಖಕ ಇಂಗ್ಲಿಷಿನಲ್ಲಿ ಬರೆದ ಹುಡುಗರು, ಆಗುಂಬೆಯ ಕನ್ನಡದ ಮನೆಗಳಲ್ಲಿ ಓಡಾಡುತ್ತ, ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಮಾಲ್ಗುಡಿಯ ರೈಲು ನಿಲ್ಲುತ್ತಿದ್ದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ. ಬೇರೆ ಊರಿನವರಿಗೆ ಇದು ಕಲಸುಮೇಲೋಗರ ಅನಿಸಿರಬಹುದು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಲೋಂಡಾದ ರೈಲಿನಲ್ಲಿ ಹಿಂದಿ, ಜಾಂಬೋಟಿ ದಾಟಿದರೆ ಕೊಂಕಣಿ ಆಡುವ ಖಾನಾಪುರದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಎಲ್ಲರೂ ಮನಸೋತದ್ದು ಸ್ವಾಮಿಗೆ, ಆ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥನಿಗೆ. ಸರಿಯೇ. ಆದರೆ ನಾನು ನೌಕರಿಯಲ್ಲಿ ಮೇಲೆ ಹೋದ ಹಾಗೆಲ್ಲ ನನ್ನ ಕಣ್ಣು ಸ್ವಾಮಿಯಿಂದ ರಾಜಂನ ಕಡೆ ಸರಿಯಿತು. ನಾವು ಚಿಕ್ಕವರಿದ್ದಾಗ ಸ್ವಾಮಿಯಾಗಿರುತ್ತೇವೆ. ಕೈಗೆ ಅಧಿಕಾರ ಬಂದ ದಿನದಿಂದ ರಾಜಂ ಆಗುತ್ತೇವೆ.

*

ರಾಜಂ ಪೊಲೀಸ್ ಅಧಿಕಾರಿಯ ಮಗ. ಹೊಸದಾಗಿ ಊರಿಗೆ ಬಂದವನು. ಒಳ್ಳೆಯ ಬಟ್ಟೆ, ಒಳ್ಳೆಯ ಇಂಗ್ಲಿಷು, ಓದಿನಲ್ಲಿ ಮುಂದು. ಆ ತರಗತಿಯ ಬಲಭೀಮ ಮಣಿ. ಇಬ್ಬರಿಗೂ ಬಂದ ದಿನದಿಂದ ಹಗೆ. ಸ್ವಾರಸ್ಯವೆಂದರೆ ಇಬ್ಬರೂ ಎದುರೆದುರು ಮಾತೇ ಆಡಿರುವುದಿಲ್ಲ. ಚೀಟಿ ಬರೆದು ಸ್ವಾಮಿಯ ಕೈಯಲ್ಲಿ ಕೊಡುತ್ತಾರೆ. ಸ್ವಾಮಿ ಆ ಬೆಂಚಿನಿಂದ ಈ ಬೆಂಚಿಗೆ ಒಯ್ಯುತ್ತಾನೆ. ಪ್ರತಿ ಚೀಟಿಗೂ ಬಿಸಿ ಏರುತ್ತದೆ. ಕೊನೆಗೆ ಸರಯೂ ನದಿಯ ದಂಡೆಯಲ್ಲಿ ಹೊಡೆದಾಡಿಯೇ ಬಿಡುವುದೆಂದು ಗೊತ್ತಾಗುತ್ತದೆ. ಒಬ್ಬನ ಕೈಯಲ್ಲಿ ದೊಣ್ಣೆ, ಇನ್ನೊಬ್ಬನ ಕೈಯಲ್ಲಿ ಏರ್‌ಗನ್ನು. ನಿನಗೂ ನನಗೂ ಜಗಳ ಯಾಕೆ ಎಂದು ಅಲ್ಲಿ ಮೊದಲ ಸಲ ಎದುರೆದುರು ಕೇಳಿಕೊಂಡಾಗ, ಜಗಳಕ್ಕೆ ಬುಡವೇ ಇಲ್ಲವೆಂದು ಇಬ್ಬರಿಗೂ ತಿಳಿಯುತ್ತದೆ. ಸಂಜೆಗೆ ಸ್ನೇಹಿತರು.

ನಮ್ಮ ಕಾರ್ಖಾನೆಗಳಲ್ಲಿ ಎರಕದ ವಿಭಾಗಕ್ಕೂ ಮಶೀನಿಂಗ್ ವಿಭಾಗಕ್ಕೂ ಇರುವ ಜಗಳ ಇದೇ ಜಾತಿಯದು. ನಮ್ಮ ಕಾಲದಲ್ಲಿ ಮೆಮೊ ಹೋಗುತ್ತಿತ್ತು. ಈಗ ಮೇಲ್ ಹೋಗುತ್ತದೆ, ಹನ್ನೊಂದು ಜನರಿಗೆ ಪ್ರತಿ ಹೋಗುತ್ತದೆ. ನಡುವೆ ಒಬ್ಬ ಸ್ವಾಮಿ ಓಡಾಡಿ ಸುಸ್ತಾಗುತ್ತಾನೆ. ಎರಕದಲ್ಲಿ ತೂತು ಬಿದ್ದಿದೆ ಎಂದು ಇವರು ಬರೆಯುತ್ತಾರೆ, ನೀವು ಹಿಡಿದದ್ದು ತಪ್ಪು ಎಂದು ಅವರು ಬರೆಯುತ್ತಾರೆ. ಆ ತುಂಡನ್ನು ಮೇಜಿನ ಮೇಲಿಟ್ಟು ಇಬ್ಬರನ್ನೂ ಸುತ್ತ ನಿಲ್ಲಿಸಿದರೆ ಕಾಲು ಗಂಟೆಯ ಕೆಲಸ. ರಾಜಂಗೆ ನಾನು ಕೊಡುವ ಮೊದಲ ಅಂಕ ಇದಕ್ಕೆ: ಅವನು ನದಿಗೆ ತಾನೇ ಹೋದ, ಬದಲಿಗೆ ಯಾರನ್ನೂ ಕಳಿಸಲಿಲ್ಲ.

ಮುಂದೆ ಈ ಹುಡುಗರು ಕ್ರಿಕೆಟ್ ತಂಡ ಕಟ್ಟುತ್ತಾರೆ. ಹೆಸರು ಎಂ.ಸಿ.ಸಿ., ಮಾಲ್ಗುಡಿ ಕ್ರಿಕೆಟ್ ಕ್ಲಬ್ಬು. ಬ್ಯಾಟು ಬರುವ ಮುಂಚೆ ಹೆಸರು ಬಂತು, ಹೆಸರಿನ ಬೆನ್ನಿಗೇ ಸರಕಾರಕ್ಕೆ ತೆರಿಗೆ ಕಟ್ಟಬೇಕಾಗುತ್ತದೋ ಏನೋ ಎಂಬ ಚಿಂತೆ ಬಂತು. ಮದರಾಸಿನ ಅಂಗಡಿಗೆ ಬ್ಯಾಟು, ಚೆಂಡು ಕಳಿಸಿರೆಂದು ಗತ್ತಿನ ಕಾಗದ ಹೋಯಿತು. ಅಂಗಡಿಯವರು ವ್ಯಾಪಾರದ ರೀತಿಯಲ್ಲಿ ಶೇಕಡ 25 ಮುಂಗಡ ಕಳಿಸಿ ಎಂದು ಉತ್ತರ ಬರೆದರು. ಆ ಭಾಷೆ ಅರ್ಥವಾಗದೆ, ಇದು ಬೇರೆ ಯಾರಿಗೋ ಬರೆದ ಕಾಗದ ತಪ್ಪಿ ನಮಗೆ ಬಂದಿದೆ ಎಂದು ಹುಡುಗರು ಅದನ್ನು ವಾಪಸು ಕಳಿಸಿದರು. ನಗಬೇಡಿ. ಹೊಸದಾಗಿ ಶುರುವಾದ ಎಷ್ಟು ಕಂಪನಿಗಳು ಲೆಟರ್‌ಹೆಡ್ಡನ್ನು ಮೊದಲು ಅಚ್ಚು ಹಾಕಿಸಿ, ಬ್ಯಾಂಕಿನ ಕಾಗದವನ್ನು ಓದದೆ ಫೈಲಿಗೆ ಹಾಕಿವೆ ಎಂಬುದು ಮುಂದಿನ ಸಾಲಿನಲ್ಲಿ ಕೂತ ಬೆಳಗಾವಿಯ ಕಾರ್ಖಾನೆಗಳ ಮಾಲಕರಿಗೆ, ಮ್ಯಾನೇಜರರಿಗೆ ನನಗಿಂತ ಚೆನ್ನಾಗಿ ಗೊತ್ತು.

*

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಎಂ.ಸಿ.ಸಿ.ಯ ಬೌಲರ್ ಸ್ವಾಮಿ. ಗೆಳೆಯರು ಅವನಿಗೆ 'ಟೇಟ್' ಎಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಮಾರಿಸ್ ಟೇಟ್ ಆ ಕಾಲದ ದೊಡ್ಡ ಬೌಲರ್. ವೈ.ಎಂ.ಯು. ಎಂಬ ತಂಡದ ಮೇಲೆ ಪಂದ್ಯ ಗೊತ್ತಾಗಿದೆ. ಆದರೆ ಟೇಟ್ ಅಭ್ಯಾಸಕ್ಕೆ ಬರುವಾಗ ದಿನಾಲೂ ಹೊತ್ತು ಮುಳುಗಿರುತ್ತದೆ. ಅಷ್ಟು ಹೊತ್ತಿಗೆ ಸ್ವಾಮಿ ಹಳೆಯ ಶಾಲೆ ಬಿಟ್ಟು ಬೋರ್ಡ್ ಹೈಸ್ಕೂಲಿಗೆ ಸೇರಿದ್ದಾನೆ. ಅಲ್ಲಿ ಪಾಠ ಮುಗಿದ ಮೇಲೆ ಡ್ರಿಲ್ಲು ಕಡ್ಡಾಯ. ಕ್ಯಾಪ್ಟನ್ನಿಗೆ ಸಿಟ್ಟು ಬರುತ್ತದೆ. ಆದರೂ ರಾಜಂ ಬರಿ ಬೈದು ಕೂಡುವವನಲ್ಲ. ತನ್ನದಲ್ಲದ ಶಾಲೆಗೆ ಹೋಗಿ, ಹೆಡ್‌ಮಾಸ್ತರರ ಮುಂದೆ ನಿಂತು, ನಮ್ಮ ಬೌಲರನನ್ನು ಬೇಗ ಬಿಡಿ ಎಂದು ಕೇಳುತ್ತಾನೆ. ಹತ್ತು ವರ್ಷದ ಹುಡುಗ! ತನ್ನ ಕೈಕೆಳಗಿನ ಒಬ್ಬನಿಗಾಗಿ ಬೇರೆ ಇಲಾಖೆಯ ದೊಡ್ಡವರ ಬಾಗಿಲಿಗೆ ಹೋದ ಮ್ಯಾನೇಜರುಗಳನ್ನು ನಾನು ನನ್ನ ನೌಕರಿಯಲ್ಲಿ ಬೆರಳಲ್ಲಿ ಎಣಿಸುವಷ್ಟೇ ಕಂಡಿದ್ದೇನೆ.

ಹೆಡ್‌ಮಾಸ್ತರರು ಆಗುವುದಿಲ್ಲ ಅನ್ನುತ್ತಾರೆ. ರಾಜಂ ತಿರುಗಿ ಬರುತ್ತಾನೆ. ಮತ್ತೆ ಹೋಗುವುದಿಲ್ಲ.

ನನ್ನ ಲೆಕ್ಕದಲ್ಲಿ ಪಂದ್ಯ ಸೋತದ್ದು ಅಲ್ಲಿ. ಕ್ಯಾಪ್ಟನ್ನಿಂದ ಬಿಡಿಸಲಾಗದ ಗಂಟು ಅಂದಿನಿಂದ ಹುಡುಗನ ಕೊರಳಿಗೆ ಬಿತ್ತು. ಪಂದ್ಯದ ತಾರೀಕು ಬದಲಾಗಲಿಲ್ಲ, ಅಭ್ಯಾಸದ ಹೊತ್ತು ಬದಲಾಗಲಿಲ್ಲ, ಡ್ರಿಲ್ಲೂ ಬದಲಾಗಲಿಲ್ಲ. ಬದಲಾಗಬೇಕಾದವನು ಸ್ವಾಮಿ ಒಬ್ಬನೇ. ಅವನು ಏನು ಮಾಡಿದ? ಡಾಕ್ಟರರ ಹತ್ತಿರ ಹೋಗಿ ಇಲ್ಲದ ಕಾಯಿಲೆಗೆ ಸರ್ಟಿಫಿಕೇಟ್ ಕೇಳಿದ. ಡಾಕ್ಟರು ನಕ್ಕು, ಹೆಡ್‌ಮಾಸ್ತರರಿಗೆ ನಾನೇ ಹೇಳುತ್ತೇನೆ ಹೋಗು ಎಂದರು, ಹೇಳಲಿಲ್ಲ. ಅದನ್ನು ನಂಬಿ ಡ್ರಿಲ್ಲು ತಪ್ಪಿಸಿದ ಹುಡುಗನ ಮುಂದೆ ಬೆತ್ತ ಬಂತು. ಅವನು ಬೆತ್ತವನ್ನು ಕಿತ್ತು ಹೊರಗೆಸೆದು ಶಾಲೆಯಿಂದ ಓಡಿದ, ಊರಿನಿಂದಲೂ ಓಡಿದ, ಕಾಡಿನ ದಾರಿಯಲ್ಲಿ ತಪ್ಪಿಹೋದ. ಅವನು ಸಿಕ್ಕಿ ಮನೆಗೆ ಬರುವ ಹೊತ್ತಿಗೆ ಪಂದ್ಯ ಮುಗಿದಿತ್ತು. ಎಂ.ಸಿ.ಸಿ. ಸೋತಿತ್ತು. ಕ್ಯಾಪ್ಟನ್ ಮಾತು ಬಿಟ್ಟಿದ್ದ.

ಈ ಸರ್ಟಿಫಿಕೇಟಿನ ಪ್ರಸಂಗವನ್ನು ಮ್ಯಾನೇಜರರು ಎರಡು ಸಲ ನೋಡಬೇಕು. ಸ್ವಾಮಿ ಸುಳ್ಳು ಹೇಳುವ ಸ್ವಭಾವದವನೆಂದು ಸುಳ್ಳು ಕಾಗದ ಹುಡುಕಲಿಲ್ಲ. ನಿಜವಾದ ಕಾರಣಕ್ಕೆ ಆ ಶಾಲೆಯ ರಜೆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ನಮ್ಮಲ್ಲೂ ಅಷ್ಟೇ. ನಾನಿದ್ದ ಕಾರ್ಖಾನೆಯಲ್ಲಿ ಪ್ರತಿ ಜುಲೈಯಲ್ಲಿ ಟೈಫಾಯ್ಡ್ ಬರುತ್ತಿತ್ತು. ಖಾನಾಪುರದ ಭತ್ತದ ಗದ್ದೆಗಳಲ್ಲಿ ನಾಟಿ ಶುರುವಾದ ವಾರ ಶುರುವಾಗಿ, ನಾಟಿ ಮುಗಿದ ವಾರ ವಾಸಿಯಾಗುತ್ತಿತ್ತು. ಪ್ರತಿಯೊಬ್ಬನ ಕೈಯಲ್ಲೂ ಸರ್ಟಿಫಿಕೇಟು. ಇಷ್ಟು ಶಿಸ್ತಿನ ರೋಗವನ್ನು ಯಾವ ವೈದ್ಯಶಾಸ್ತ್ರವೂ ಕಂಡಿರಲಿಕ್ಕಿಲ್ಲ. ಮೇಲಿನವರು ಇದನ್ನು ಕೆಲಸಗಾರರ ಅಪ್ರಾಮಾಣಿಕತೆ ಎಂದು ಬರೆದುಕೊಂಡರು, ಅವರ ಜೊತೆ ನಾನೂ ಬರೆದುಕೊಂಡೆ. ನಿಜ ಹೇಳಿದವನಿಗೆ ಪಗಾರ ಕಡಿತ, ಸುಳ್ಳು ಕಾಗದ ತಂದವನಿಗೆ ರಜೆ ಎಂಬ ನಿಯಮ ಮಾಡಿದವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

*

ಈಗ ನನ್ನದೊಂದು ಸೋತ ಪಂದ್ಯ ಹೇಳುತ್ತೇನೆ. ತೊಂಬತ್ತರ ದಶಕದ ಒಂದು ಜುಲೈ. ನಮಗೆ ಪುಣೆಯ ಗಿರಾಕಿಯೊಬ್ಬರ ಪಂಪುಗಳ ಎರಕದ ಆರ್ಡರ್ ಇತ್ತು. ಪಂಪಿನ ಹೊರಮೈ ನೋಡಲು ಶಂಖದ ಹಾಗೆ; ಒಳಗೆ ತಿರುವು, ತಿರುವಿನೊಳಗೆ ಕೋರು, ಅಂದರೆ ಒಳ ಅಚ್ಚು, ಕೂಡಿಸಬೇಕು. ಉಸುಕಿನ ಅಚ್ಚು ಕಟ್ಟುವವನ ಕೈ ಒಂದು ಕೂದಲೆಳೆ ತಪ್ಪಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆ ಕೆಲಸಕ್ಕೆ ನಮ್ಮಲ್ಲಿ ಒಬ್ಬ ಮೋಲ್ಡರ್ ಇದ್ದ. ಅವನೇ ನಮ್ಮ ಟೇಟ್. ಊರು ಹಲಾತ್ರಿ ಹಳ್ಳದ ಆಚೆ. ಬೆಳಿಗ್ಗೆ ಖಾನಾಪುರಕ್ಕೆ ಬಂದು ಬೆಳಗಾವಿಯ ಗಾಡಿ ಹಿಡಿಯುತ್ತಿದ್ದ.

ಆ ವಾರ ಅವನು ಬರಲಿಲ್ಲ. ಒಂದು ದಿನ, ಎರಡು ದಿನ, ಆರು ದಿನ. ನಾನು ಹಜೇರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಖಾಡಾ, ಅಂದರೆ ಗೈರು, ಎಂದು ಬರೆದೆ. ಮೂರನೇ ದಿನ ರಿಜಿಸ್ಟರ್ಡ್ ನೋಟೀಸು ಕಳಿಸಿದೆ. ಏಳನೇ ದಿನ ಅವನು ಬಂದ. ನಾನು ಕಾರಣ ಕೇಳಲಿಲ್ಲ. ನೋಟೀಸಿಗೆ ಉತ್ತರ ಎಲ್ಲಿ ಎಂದು ಕೇಳಿದೆ. "ಯಾವ ನೋಟೀಸ್ ಸಾಹೇಬ್ರ?" ಅಂದ. ಉದ್ಧಟತನ ಅನಿಸಿತು. ಮೂರು ದಿನ ಗೇಟಿನ ಹೊರಗೆ ನಿಲ್ಲಿಸಿದೆ. ನಾಲ್ಕನೇ ದಿನ ಅವನು ಗೇಟಿಗೆ ಬರಲಿಲ್ಲ. ಕೊಲ್ಹಾಪುರದ ಕಡೆ ಕೆಲಸ ಹಿಡಿದನಂತೆ. ನಮ್ಮ ಪಂಪಿನ ಎರಕದಲ್ಲಿ ಆಮೇಲೆ ಎಷ್ಟು ತುಂಡು ತಿರಸ್ಕಾರವಾದವು ಎಂಬುದನ್ನು ಸಭೆಯಲ್ಲಿ ಹೇಳದಿರುವುದೇ ಒಳ್ಳೆಯದು.

ಎಷ್ಟೋ ವರ್ಷದ ಮೇಲೆ ಇದೇ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ತಾನೇ ಬಂದು ಮಾತಾಡಿಸಿ ಚಹಾ ಕುಡಿಸಿದ. ನಾನು ತಡೆಯಲಾರದೆ ಕೇಳಿದೆ: "ಆವಾಗ ಯಾಕ ಬರಲಿಲ್ಲಪಾ ನೀ?"

"ಹಳ್ಳ ತುಂಬಿತ್ರಿ ಸಾಹೇಬ್ರ. ಸೇತುವಿ ಮ್ಯಾಲ ನೀರು. ಅವ್ವಗೂ ಆರಾಮಿರಲಿಲ್ಲ. ನಾನs ಈಚಿಗೆ ಬರಾಕ ಆಗಲಿಲ್ಲ, ಪೋಸ್ಟಿನಾಂವ ನಿಮ್ಮ ನೋಟೀಸ್ ತಗೊಂಡು ಆಚಿಗೆ ಹೆಂಗ ಬರ್ತಾನ್ರಿ?"

ನಾನು ಸುಮ್ಮನಿದ್ದೆ. ಅವನು ಬಶಿಯಲ್ಲಿ ಚಹಾ ಆರಿಸುತ್ತ ಅಂದ: "ನೀವು ಆವತ್ತs ಕೇಳಿದ್ರ ಆವತ್ತs ಹೇಳ್ತಿದ್ದ್ನಿರಿ."

ಖಾನಾಪುರದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಜಿಲ್ಲೆಯ ಮೂಡಲ ತುದಿಯ ಅಥಣಿಯಲ್ಲಿ ಮೋಡ ಹುಡುಕುವ ಹೊತ್ತಿಗೆ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಗಲು ರಾತ್ರಿ ಸುರಿಯುತ್ತಿರುತ್ತದೆ. ಭೀಮಗಡದ ಕಾಡಿನೊಳಗಿನ ಊರುಗಳು ಮಳೆಗಾಲದಲ್ಲಿ ದ್ವೀಪವಾಗುತ್ತವೆ. ರೋಗಿಯನ್ನು ಕಟ್ಟಿಗೆಯ ಸ್ಟ್ರೆಚರಿನ ಮೇಲೆ ಮಲಗಿಸಿ ಹೊತ್ತು ತರುವುದು ಇವತ್ತಿಗೂ ನಿಂತಿಲ್ಲ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಆ ಹಾದಿಯನ್ನು ನಮ್ಮ ಜನ ದಿನಾಲೂ ದಾಟುತ್ತಾರೆ. ಅವರು ದಾಟಲಾಗದ್ದು ತಮ್ಮ ಮನೆಗೂ ಖಾನಾಪುರಕ್ಕೂ ನಡುವಿನ ಒಂದು ಸೇತುವೆ. ಬೆಳಗಾವಿಯ ಉದ್ಯಮಬಾಗದ ಆಫೀಸಿನಲ್ಲಿ ಕೂತ ನನಗೆ ಪುಣೆಯ ಗಿರಾಕಿಯ ಗೋದಾಮಿನ ನಕ್ಷೆ ಬಾಯಿಪಾಠವಿತ್ತು. ಆ ಸೇತುವೆಯ ಹೆಸರು ಗೊತ್ತಿರಲಿಲ್ಲ.

*

ಇಲ್ಲಿಯವರು ಮಣ್ಣಿನ ಕೆಲಸ ಬಲ್ಲವರು. ಖಾನಾಪುರದ ಹೆಂಚು, ಖಾನಾಪುರದ ಮಡಕೆ ಹೆಸರಾದವು. ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೇ ಊರಿನಲ್ಲಿದೆ. ಮಡಕೆ ಕೊಳ್ಳಲು ಹೋದ ಹೆಣ್ಣುಮಗಳು ಏನು ಮಾಡುತ್ತಾಳೆ? ಎತ್ತಿ ಹಿಡಿದು ಬೆರಳಗಂಟಿನಿಂದ ಬಾರಿಸಿ ಕಿವಿಗೊಡುತ್ತಾಳೆ. ಠಣ್ ಅಂದರೆ ಗಟ್ಟಿ. ಬೊದ್ ಅಂದರೆ ಎಲ್ಲೋ ಬಿರುಕಿದೆ, ಕಣ್ಣಿಗೆ ಕಾಣದಿದ್ದರೂ ಇದೆ. ನಾವು ಫೌಂಡ್ರಿಯವರು ಮಾಡುವುದೂ ಅದನ್ನೇ. ಎರಕದ ತುಂಡನ್ನು ತೂಗುಹಾಕಿ ಸುತ್ತಿಗೆಯಿಂದ ಬಾರಿಸುತ್ತೇವೆ. ಸರಿಯಾದ ತುಂಡಿನ ದನಿ ಗಂಟೆಯ ಹಾಗೆ ಎಳೆಯುತ್ತದೆ, ಒಡಕು ತುಂಡಿನ ದನಿ ಅಲ್ಲೇ ಸಾಯುತ್ತದೆ.

ಬೀಡಿಗೆ ಕಿವಿಗೊಡುವ ನಾವು ಅದನ್ನು ಎರೆದವನಿಗೆ ಕಿವಿಗೊಡುವುದಿಲ್ಲ. ಒಬ್ಬ ಒಳ್ಳೆಯ ಕೆಲಸಗಾರ ಕಾರಣ ಹೇಳದೆ ಗೈರಾದರೆ ಅದೊಂದು ದನಿ. ಅದನ್ನು ಹಜೇರಿಯಲ್ಲಿ ಬರೆದುಕೊಳ್ಳಲು ಕಾರಕೂನನೊಬ್ಬ ಸಾಕು. ಕೇಳಿಸಿಕೊಳ್ಳುವುದಕ್ಕೆಂದು ಪಗಾರ ತೆಗೆದುಕೊಳ್ಳುವವನು ಮ್ಯಾನೇಜರ್.

ಬಸ್‌ಸ್ಟ್ಯಾಂಡಿನ ಆ ಚಹಾದ ಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಬೇಕಾದವರು ಒಯ್ಯಬಹುದು. ಆಗ ನಾನು ಬೇರೆ ಕಾರ್ಖಾನೆಯಲ್ಲಿದ್ದೆ. ಭಟ್ಟಿಯ ಒಳಗೋಡೆಗೆ ವರ್ಷಕ್ಕೊಮ್ಮೆ ಹೊಸ ಇಟ್ಟಿಗೆ ಕಟ್ಟಿ ದೊಡ್ಡ ರಿಪೇರಿ ಮಾಡಬೇಕು, ಆಗ ಎರಕ ನಿಲ್ಲುತ್ತದೆ. ಅದನ್ನು ನಾವು ದೀಪಾವಳಿಯ ಸುತ್ತ ಇಟ್ಟುಕೊಳ್ಳುತ್ತಿದ್ದೆವು. ನಾಟಿಯ ವಾರಗಳಿಗೆ ತಂದೆ. ಹೇಗೂ ಮಂದಿ ಬರದ ವಾರ, ಭಟ್ಟಿಯೂ ಆರಿರಲಿ. ಎರಡನೆಯದು, ಗೇಟಿನ ಹತ್ತಿರ ಒಂದು ಕರಿಹಲಗೆ ಇಡಿಸಿದೆ. ಯಾರ ಗದ್ದೆಯ ನಾಟಿ ಯಾವ ವಾರ ಎಂದು ಜೂನ್ ಮುಗಿಯುವುದರೊಳಗೆ ಅವರವರೇ ಬರೆಯಬೇಕು. ಬರೆದ ವಾರಕ್ಕೆ ಸರ್ಟಿಫಿಕೇಟ್ ಬೇಡ. ಮೂರನೆಯದು, ಎರಡು ದಿನ ಕಾರಣವಿಲ್ಲದೆ ಬರದವನ ಮನೆಗೆ ನೋಟೀಸಿನ ಬದಲು ಅದೇ ದಾರಿಯ ಒಬ್ಬ ಜೊತೆಗಾರ ಹೋಗಿ ವಿಚಾರಿಸಬೇಕು. ಹೋದವನ ಆ ದಿನದ ಪಗಾರ ಕಾರ್ಖಾನೆಯದು.

ಖಾಡಾ ನಿಂತುಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಖಾಡಾ ಇತ್ತು, ಆದರೆ ಮುಂಚೆಯೇ ಗೊತ್ತಾಗತೊಡಗಿತು. ಉತ್ಪಾದನೆ ನೋಡಿಕೊಳ್ಳುವವನಿಗೆ ಅಷ್ಟೇ ಬೇಕಾದದ್ದು. ಮತ್ತೆ, ಟೈಫಾಯ್ಡ್ ಸಂಪೂರ್ಣ ವಾಸಿಯಾಯಿತು.

ಹೀಗೆ ಸಡಿಲ ಬಿಟ್ಟರೆ ಮಂದಿ ತಲೆಯ ಮೇಲೆ ಕೂಡುತ್ತಾರೆ ಎಂದು ನನಗೆ ಹೇಳಿದವರಿದ್ದರು. ಕೆಲವರು ಕೂತರು ಕೂಡ. ಕರಿಹಲಗೆಯಲ್ಲಿ ಒಬ್ಬ ವರ್ಷಕ್ಕೆ ಎರಡು ನಾಟಿ ಬರೆದ. ಅವನಿಗೆ ಗದ್ದೆಯೇ ಇಲ್ಲವೆಂದು ಅವನ ಊರಿನವರೇ ಬಂದು ಹೇಳಿದರು. ನಂಬಿಕೆಯ ಮೇಲೆ ನಡೆಯುವ ಜಾಗದಲ್ಲಿ ಕಾವಲನ್ನು ಜನರೇ ಕಾಯುತ್ತಾರೆ. ಬೆಳಗಾವಿಯಲ್ಲಿ ಪಾಲಿಹೈಡ್ರಾನ್ ಕಟ್ಟಿದ ಸುರೇಶ ಹುಂದ್ರೆಯವರ ಹೆಸರು ಇಲ್ಲಿ ಎಷ್ಟೋ ಜನರಿಗೆ ಗೊತ್ತು. ಪ್ರಾಮಾಣಿಕತೆಯನ್ನು ಗೋಡೆಯ ಮೇಲಿನ ಬರಹವಾಗಿಡದೆ ದಿನದ ವ್ಯವಹಾರಕ್ಕಿಳಿಸಿ ಉದ್ದಿಮೆ ನಡೆಸಬಹುದೆಂದು ಅವರು ಇದೇ ಖಾನಾಪುರ ರಸ್ತೆಯ ಬದಿಯಲ್ಲಿ ತೋರಿಸಿದರು. ಅಂಥ ಉದಾಹರಣೆಗೆ ನಾವು ಜಪಾನಿನ ತನಕ ಹೋಗಬೇಕಾಗಿಲ್ಲ.

*

ಗೈರುಹಾಜರಿಯ ಮಾತಿಗೆ ಇನ್ನೊಂದು ಮಗ್ಗುಲಿದೆ. ಬೌಲರ್ ಬಾರದಿದ್ದಾಗ ಕ್ಯಾಪ್ಟನ್ನಿನ ಪರೀಕ್ಷೆ ಒಂದು. ಕ್ಯಾಪ್ಟನ್ನೇ ಇಲ್ಲವಾದಾಗ ಅವನ ಪರೀಕ್ಷೆ ಇನ್ನೊಂದು.

ರಾಜಂನ ತಂದೆಗೆ ವರ್ಗವಾಗುತ್ತದೆ. ಆ ಕುಟುಂಬ ರೈಲು ಹತ್ತಿ ಹೋಗುತ್ತದೆ. ಎಂ.ಸಿ.ಸಿ. ಮುಂದೆ ಒಂದು ಪಂದ್ಯವನ್ನಾದರೂ ಆಡಿತೇ? ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ತಂಡದ ಹೆಸರು, ಕಾಗದ, ಸವಾಲು, ಸಿಟ್ಟು ಎಲ್ಲ ಕ್ಯಾಪ್ಟನ್ ಒಬ್ಬನ ಹತ್ತಿರವೇ ಇದ್ದವು. ಅವು ಅವನ ಜೊತೆ ರೈಲು ಹತ್ತಿದವು ಎಂದೇ ನನಗನಿಸುತ್ತದೆ.

ಇದನ್ನು ಪರದೆಗೆ ತಂದ ಶಂಕರ್ ನಾಗ್ ಕೂಡ ಕ್ಯಾಪ್ಟನ್ನೇ. ಮಳೆಗೆ ಹೆಸರಾದ ಆಗುಂಬೆಗೆ ಇಡೀ ತಂಡವನ್ನು ಒಯ್ದು ಒಂದು ಊರನ್ನೇ ಮಾಲ್ಗುಡಿ ಮಾಡಿದವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೈದು. ಅವರ ಜೊತೆಗಾರರು ಚದುರಲಿಲ್ಲ. ಅರುಂಧತಿ ನಾಗ್ ಮುಂದೆ ನಿಂತು, ನಾಟಕಕ್ಕೇ ಮೀಸಲಾದ ರಂಗಶಂಕರವನ್ನು 2004ರಲ್ಲಿ ಬೆಂಗಳೂರಿನಲ್ಲಿ ತೆರೆದರು. ಕ್ಯಾಪ್ಟನ್ ಹೋಗಿ ಹದಿನಾಲ್ಕು ವರ್ಷದ ಮೇಲೆ ತಂಡ ಮೈದಾನವನ್ನು ಕಟ್ಟಿತು. ಅಲ್ಲಿ ಇವತ್ತಿಗೂ ಗಂಟೆ ಹೊಡೆದು ನಾಟಕ ಶುರುವಾಗುತ್ತದೆ. ನಿಮ್ಮ ಕಂಪನಿಯಲ್ಲಿ ನೀವು ಎಷ್ಟು ದಿನ ಬೇಕೇಬೇಕು ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮುಂಚೆ ಇವೆರಡು ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

*

ಮುಗಿಸುತ್ತೇನೆ. ರಾಜಂ ಊರು ಬಿಡುವ ದಿನ ಸ್ವಾಮಿ ನಿಲ್ದಾಣಕ್ಕೆ ಬರುತ್ತಾನೆ. ಉಡುಗೊರೆಯೆಂದು ತನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದನ್ನು, ಆಂಡರ್ಸನ್ನನ ಕಿನ್ನರ ಕತೆಗಳ ಪುಸ್ತಕವನ್ನು, ತಂದಿದ್ದಾನೆ. ಕ್ಯಾಪ್ಟನ್ ಮಾತು ಬಿಟ್ಟ ಮೇಲೂ ಬೌಲರ್ ಬಂದ. ಈ ದೃಶ್ಯದಲ್ಲಿ ಎಲ್ಲರೂ ಅಳುತ್ತಾರೆ, ನಾನೂ ಅತ್ತಿದ್ದೇನೆ. ಆದರೆ ಮ್ಯಾನೇಜರನಾಗಿ ನೋಡಿದಾಗ ನನಗೆ ಬೇರೆಯೇ ಕಂಡಿತು. ಪಂದ್ಯದ ದಿನ ಬಾರದವನು ಇವನೇ. ಬರಲು ಮನಸ್ಸಿಲ್ಲದವನಾಗಿದ್ದರೆ ಈ ದಿನವೂ ಬರುತ್ತಿರಲಿಲ್ಲ. ಅಂದ ಮೇಲೆ ಆ ದಿನ ಅಡ್ಡ ಬಂದದ್ದು ಏನು ಎಂದು ರಾಜಂ ಕೇಳಬಹುದಿತ್ತು. ರೈಲು ಹೊರಡುವ ತನಕ ಹೊತ್ತಿತ್ತು.

ಬೆಳಗಾವಿಯಿಂದ ಬಂದ ಮಿತ್ರರಿಗೆ ಕೊನೆಯದಾಗಿ ಒಂದು ವಿನಂತಿ. ನೀವೆಲ್ಲ ಇವತ್ತು ಕಾರಿನಲ್ಲಿ ಬಂದಿದ್ದೀರಿ, ಮುಕ್ಕಾಲು ಗಂಟೆ ಹಿಡಿದಿರಬಹುದು. ಹೋಗುವಾಗ ಕಾರುಗಳನ್ನು ಡ್ರೈವರುಗಳ ಕೈಗೆ ಬಿಟ್ಟು, ರಾತ್ರಿ ಪಾಳಿಗೆ ಹೊರಟಿರುವ ನಿಮ್ಮವರೇ ಹತ್ತುವ ಬಸ್ಸಿನಲ್ಲಿ ಹತ್ತಿ. ಸೀಟು ಸಿಗಲಿಕ್ಕಿಲ್ಲ. ಕಂಬಿ ಹಿಡಿದು ನಿಂತಾಗ ಪಕ್ಕದವನನ್ನು ಯಾವ ಊರು, ಎಷ್ಟು ಹೊತ್ತಿಗೆ ಮನೆ ಬಿಟ್ಟಿ, ನಡುವೆ ಯಾವ ಹಳ್ಳ ಬರುತ್ತದೆ ಎಂದು ಕೇಳಿ. ಗುರುತು ಹಿಡಿದು ಅವನು ಗಾಬರಿಯಾದರೆ ಸಾಹೇಬರ ಕಾರು ಕೆಟ್ಟಿದೆ ಎಂದು ಹೇಳಿ. ಅಷ್ಟು ಸುಳ್ಳಿಗೆ ಸರ್ಟಿಫಿಕೇಟ್ ಬೇಕಾಗುವುದಿಲ್ಲ.